ಓಣಿಯ ನೆರಳು, ಕಲ್ಲಿನ ಹಿಡಿತ

ಅಮೆರಿಕದ ಲಾಸ್ ವೇಗಸ್ ನಗರದಿಂದ ಪಶ್ಚಿಮಕ್ಕೆ ಸುಮಾರು 27 ಕಿಲೋಮೀಟರ್ ದೂರದಲ್ಲಿ, ಮೊಹಾವೆ ಮರುಭೂಮಿಯಲ್ಲಿ ರೆಡ್ ರಾಕ್ ಕ್ಯಾನ್ಯನ್ ಇದೆ. ಜುರಾಸಿಕ್ ಕಾಲದ ಮರಳುದಿಬ್ಬಗಳೇ ಗಟ್ಟಿಗೊಂಡು ಅಲ್ಲಿನ ಆಜ್‌ಟೆಕ್ ಮರಳುಗಲ್ಲಾಗಿವೆ. ಸುಮಾರು 18 ಕೋಟಿ ವರ್ಷಗಳ ಹಿಂದಿನ ಗಾಳಿ ಮೂಡಿಸಿದ ಓರೆಪದರಗಳು ಬಂಡೆಯ ಮೈಯಲ್ಲಿ ಇಂದಿಗೂ ಕಾಣುತ್ತವೆ. ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು. ಈ ಬಂಡೆಗಳ ನಡುವೆ ಬ್ಲ್ಯಾಕ್ ಕಾರಿಡಾರ್ ಎಂಬ ಇಕ್ಕಟ್ಟಾದ ಓಣಿಯಿದೆ. ಎರಡೂ ಕಡೆ ಗೋಡೆ ಎದ್ದಿರುವುದರಿಂದ ದಿನದ ಬಹುಪಾಲು ಅಲ್ಲಿ ನೆರಳು. ಸ್ಪೋರ್ಟ್ ಕ್ಲೈಂಬಿಂಗ್ ಮಾಡುವವರಿಗೆ ಅದು ಅಚ್ಚುಮೆಚ್ಚಿನ ತಾಣ.

ಬಂಡೆಗೆ ಮೊದಲೇ ಬೋಲ್ಟ್ ಕೂರಿಸಿದ ದಾರಿಯಲ್ಲಿ ಹತ್ತುವುದೇ ಸ್ಪೋರ್ಟ್ ಕ್ಲೈಂಬಿಂಗ್. ಹತ್ತುವವರು ಒಂದೊಂದೇ ಬೋಲ್ಟಿಗೆ ಕ್ವಿಕ್‌ಡ್ರಾ (ಎರಡೂ ತುದಿಗೆ ಕೊಂಡಿಯಿರುವ ಗಿಡ್ಡ ಪಟ್ಟಿ) ಸಿಕ್ಕಿಸಿ, ಅದರಲ್ಲಿ ಹಗ್ಗ ಹಾಯಿಸುತ್ತಾ ಸಾಗುತ್ತಾರೆ. ಕೆಳಗೆ ನಿಂತ ಜೊತೆಗಾರರು ಬೇಕಾದಷ್ಟೇ ಹಗ್ಗ ಬಿಟ್ಟು, ಬಿದ್ದರೆ ತಡೆಯುತ್ತಾರೆ. ಹಗ್ಗ ಹಿಡಿದು ಮೇಲೇರುತ್ತಾರೆಂಬುದು ತಪ್ಪು ತಿಳಿವಳಿಕೆ. ಏರಿಸುವುದು ಕೈಕಾಲು, ಹಗ್ಗವಿರುವುದು ಬೀಳುವ ಗಳಿಗೆಗೆ.

ನೆರಳಿನ ಲಾಭ ಮೈ ತಂಪಾಗಿರುವುದಷ್ಟೇ ಎಂದುಕೊಳ್ಳುವವರು ಬಹಳ. ಅಸಲು ಲಾಭ ಬೆರಳ ತುದಿಯಲ್ಲಿದೆ. ಬಿಸಿಲಿಗೆ ಬಂಡೆ ಸುತ್ತಲಿನ ಗಾಳಿಗಿಂತ ಹೆಚ್ಚು ಕಾಯುತ್ತದೆ. ಕಾದ ಕಲ್ಲು ಮುಟ್ಟಿದ ಬೆರಳು ಬೆವರುತ್ತದೆ. ಆ ಬೆವರು ಚರ್ಮಕ್ಕೂ ಕಲ್ಲಿಗೂ ನಡುವೆ ಜಾರುವ ಪದರವಾಗುತ್ತದೆ. ಬೂಟಿನ ರಬ್ಬರೂ ಮೆತ್ತಗಾಗಿ ಸಣ್ಣ ಅಂಚುಗಳ ಮೇಲೆ ನಿಲ್ಲದೆ ಜರುಗುತ್ತದೆ. ಬೆವರಿಗೆ ಮದ್ದು ಮೆಗ್ನೀಸಿಯಮ್ ಕಾರ್ಬೊನೇಟಿನ ಬಿಳಿ ಪುಡಿ. ಅದನ್ನು ಜಿಮ್ನಾಸ್ಟಿಕ್ಸ್ ಅಂಗಳದಿಂದ ಬಂಡೆಗೆ ತಂದವರು ಜಾನ್ ಗಿಲ್, 1950ರ ದಶಕದಲ್ಲಿ. ಮರುಭೂಮಿಯಲ್ಲಿ ಇದರ ತಿರುಗುಮುರುಗೂ ಉಂಟು (ಹೊಸಬರು ಇದನ್ನು ಸುಲಭಕ್ಕೆ ನಂಬುವುದಿಲ್ಲ): ಚರ್ಮ ತೀರಾ ಒಣಗಿ ಗಾಜಿನಂತಾದರೂ ಕೈ ಜಾರುತ್ತದೆ. ಆಗ ಬೇಕಾದದ್ದು ಪುಡಿಯಲ್ಲ, ತುಸು ತೇವ.

ಇಷ್ಟು ಉಪಕಾರಿಯಾದ ನೆರಳು ಮಳೆ ಬಿದ್ದ ಮೇಲೆ ಹಗೆಯಾಗುತ್ತದೆ. ಮರಳುಗಲ್ಲೆಂದರೆ ಜೇಡಿ, ಸುಣ್ಣ, ಸಿಲಿಕಾದಂಥ ಅಂಟಿನಿಂದ ಬೆಸೆದ ಮರಳಿನ ಕಣಗಳು. ನಡುನಡುವೆ ಸೂಕ್ಷ್ಮ ರಂಧ್ರಗಳು. ರಂಧ್ರಗಳು ನೀರು ಹೀರಿಕೊಂಡಾಗ ಬೆಸುಗೆ ಸಡಿಲವಾಗುತ್ತದೆ. ನಿನ್ನೆ ಮೈಭಾರ ತಾಳಿದ ಅಂಚು ಇಂದು ಬಿಸ್ಕತ್ತಿನಂತೆ ಮುರಿಯಬಹುದು, ಬೋಲ್ಟಿನ ಹಿಡಿತವೂ ಕುಂದಬಹುದು. ಮುರಿದ ಅಂಚು ಮತ್ತೆ ಬೆಳೆಯುವುದಿಲ್ಲ. ಆ ದಾರಿ ಮುಂದೆ ಬರುವವರೆಲ್ಲರಿಗೂ ಕೆಟ್ಟಂತೆಯೇ.

ಜನ ಎಡವುವುದು ಇಲ್ಲೇ. ಒಣಗಾಳಿಗೆ ಬಂಡೆಯ ಹೊರಮೈ ಕೆಲವೇ ಗಂಟೆಗಳಲ್ಲಿ ಆರಿ, ಮುಟ್ಟಿದರೆ ಖಡಕ್ಕಾಗಿರುತ್ತದೆ. ಒಳಗಿನ ತೇವ ಮಾತ್ರ ನಿಧಾನಕ್ಕೆ ಹೊರಬರುತ್ತದೆ, ಬಿಸಿಲು ಕಾಣದ ಓಣಿಯಲ್ಲಿ ಇನ್ನೂ ನಿಧಾನಕ್ಕೆ. ಮಳೆಯ ನಂತರ 24ರಿಂದ 72 ಗಂಟೆ ಕಾಯಬೇಕೆಂಬುದು ರೆಡ್ ರಾಕ್‌ನಲ್ಲಿ ಬಳಕೆಯಲ್ಲಿರುವ ಸೂಚನೆ. ಗಡಿಯಾರಕ್ಕಿಂತ ನಂಬಲರ್ಹವಾದದ್ದು ಬಂಡೆಯ ಬುಡದ ಮರಳು: ಮೇಲ್ಪದರ ಕೆದಕಿದಾಗ ಅಡಿಯಲ್ಲಿ ಹಸಿ ಕಂಡರೆ ಗೋಡೆಯೂ ಹಸಿಯೆಂದೇ ಲೆಕ್ಕ.

ಬಾದಾಮಿಯ ಕೆಂಪು ಬಂಡೆಯೂ ಮರಳುಗಲ್ಲೇ, ಅಲ್ಲೂ ಬೋಲ್ಟ್ ಹಾಕಿದ ದಾರಿಗಳಿವೆ. ಆದರೆ ಅದು ಆಜ್‌ಟೆಕ್ ಮರಳುಗಲ್ಲಿಗಿಂತ ಎಷ್ಟೋ ಹಳೆಯದು, ಹೆಚ್ಚು ಗಟ್ಟಿ. ರೆಡ್ ರಾಕ್‌ನ ಗಂಟೆಗಳ ಲೆಕ್ಕವನ್ನು ಅಲ್ಲಿಗೆ ಹಾಗೇ ಒಯ್ಯಲಾಗದು. ಕಣಗಳನ್ನು ಬೆಸೆದ ಅಂಟು ಯಾವುದು, ಅದು ಎಷ್ಟು ನೀರು ತಾಳುತ್ತದೆ ಎಂಬುದನ್ನು ಆಯಾ ಊರಿನ ಕಲ್ಲಿನಲ್ಲೇ ಪರೀಕ್ಷಿಸಬೇಕು. ಹತ್ತುವವರೂ ಭೂವಿಜ್ಞಾನಿಗಳೂ ಕೂಡಿ ಮಾಡಬೇಕಾದ ಕೆಲಸವದು.