ಅಸಲಿ ವಾಷಿಂಗ್ಟನ್

ಇಂಗ್ಲೆಂಡಿನ ಈಶಾನ್ಯದಲ್ಲಿ, ನ್ಯೂಕ್ಯಾಸಲ್ ಮತ್ತು ಸಂಡರ್‌ಲ್ಯಾಂಡ್ ನಗರಗಳ ನಡುವೆ, ವಿಯರ್ ನದಿಯ ಮಗ್ಗುಲಲ್ಲಿ ವಾಷಿಂಗ್ಟನ್ ಎಂಬ ಊರಿದೆ. ಸುಮಾರು 67 ಸಾವಿರ ಜನ. ಕಲ್ಲಿದ್ದಲನ್ನು ನಂಬಿ ಬೆಳೆದ ಊರು. ಗಣಿಗಳು ಮುಚ್ಚಿದ ಮೇಲೆ, 1986ರಲ್ಲಿ ಪಕ್ಕದಲ್ಲೇ ಶುರುವಾದ ನಿಸಾನ್ ಕಾರು ಕಾರ್ಖಾನೆ ಎಷ್ಟೋ ಮನೆಗಳಿಗೆ ಅನ್ನದ ದಾರಿಯಾಯಿತು. ಶ್ವೇತಭವನ ಇಲ್ಲಿಲ್ಲ. ಆದರೆ ಆ ಹೆಸರಿನ ತವರು ಇದೇ.

ಹೆಸರನ್ನು ಬಿಡಿಸಿದರೆ ಒಳಗೆ ಹ್ವಾಸ ಎಂಬ ಆಸಾಮಿ ಸಿಗುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ‘ಇಂಗ್’ ಎಂದರೆ ಅವನ ಕಡೆಯವರು. ‘ಟೂನ್’ ಎಂದರೆ ಬೇಲಿ ಹಾಕಿಕೊಂಡ ಹೊಲಮನೆ, ಇಂದಿನ ‘ಟೌನ್’ ಪದದ ಮೂಲ. ಹ್ವಾಸನ ಕಡೆಯವರ ಹೊಲಮನೆ, ಅಷ್ಟೇ. ಅವನು ಯಾರು, ಏನು ಬೆಳೆಯುತ್ತಿದ್ದ ಎನ್ನುವುದಕ್ಕೆ ಒಂದು ಗೆರೆಯ ದಾಖಲೆಯೂ ಇಲ್ಲ. ದಕ್ಷಿಣದ ಸಸೆಕ್ಸ್‌ನಲ್ಲಿ ಇನ್ನೊಂದು ಪುಟ್ಟ ವಾಷಿಂಗ್ಟನ್ ಉಂಟು, ಅದರ ಹೆಸರು ಹುಟ್ಟಿದ್ದೂ ಇದೇ ರೀತಿ. ಆದರೆ ಅಮೆರಿಕದ ಮೊದಲ ಅಧ್ಯಕ್ಷನ ವಂಶದ ಬೇರು ಇರುವುದು ಈ ಉತ್ತರದ ಊರಿನಲ್ಲಿ.

ಊರಿನ ಹೆಸರು ಮನೆತನದ ಹೆಸರಾದ ಬಗೆ ಸ್ವಾರಸ್ಯವಾಗಿದೆ. 12ನೇ ಶತಮಾನದ ಕೊನೆಗೆ ವಿಲಿಯಂ ಡಿ ಹರ್ಟ್‌ಬರ್ನ್ ಎಂಬಾತ ಡರ್ಹಮ್ ಬಿಷಪ್ಪರೊಂದಿಗೆ ಜಮೀನು ಅದಲುಬದಲು ಮಾಡಿಕೊಂಡು ಇಲ್ಲಿಗೆ ಬಂದ. ‘ಡಿ’ ಎಂದರೆ ಇಂಥ ಊರಿನವನು ಎಂದು. ಊರು ಬದಲಾಯಿತಲ್ಲ, ಹರ್ಟ್‌ಬರ್ನ್ ಹೋಗಿ ಡಿ ವೆಸ್ಸಿಂಗ್ಟನ್ ಆಯಿತು. ನಮ್ಮಲ್ಲಿ ಊರು ಬಿಟ್ಟು ಮೂರು ತಲೆಮಾರಾದರೂ ಹೆಸರಿನ ಮುಂದಿನ ಇನಿಷಿಯಲ್ ಅಲ್ಲಾಡುವುದಿಲ್ಲ. ಅವರಲ್ಲಿ ಆಗ ಜಮೀನಿನ ಜೊತೆ ಹೆಸರೂ ಕೈ ಬದಲಾಗುತ್ತಿತ್ತು. ಮುಂದೆ ಈ ಕುಟುಂಬದ ಕವಲುಗಳು ಬೇರೆಡೆ ಹರಡಿದವು. ನಾರ್ತಾಂಪ್ಟನ್‌ಶೈರ್‌ನ ಸಲ್ಗ್ರೇವ್‌ನಲ್ಲಿ ನೆಲೆಸಿದ ಕವಲಿನ ಜಾನ್ 1650ರ ದಶಕದಲ್ಲಿ ಸಮುದ್ರ ದಾಟಿ ವರ್ಜೀನಿಯಾ ಸೇರಿದ. ಜಾರ್ಜ್ ವಾಷಿಂಗ್ಟನ್ ಅವನ ಮರಿಮಗ.

ಇತ್ತ ಹಳೇ ಊರಿನ ಮನೆಯನ್ನು 1613ರಲ್ಲಿ ಡರ್ಹಮ್ ಬಿಷಪ್ಪರಿಗೇ ಮಾರಲಾಯಿತು. ‘ಓಲ್ಡ್ ಹಾಲ್’ ಎಂದು ಈಗ ತೋರಿಸುವ ಕಟ್ಟಡದ ಬಹುಭಾಗ ಆಮೇಲಿನದು. 19ನೇ ಶತಮಾನದಲ್ಲಿ ಅದು ವಠಾರವಾಗಿ, ಒಂದೊಂದು ಕೋಣೆಯಲ್ಲಿ ಒಂದೊಂದು ಬಡ ಸಂಸಾರ ಬಾಳಿತು. 1936ರ ಹೊತ್ತಿಗೆ ವಾಸಕ್ಕೆ ಯೋಗ್ಯವಲ್ಲ ಎಂದು ಸರ್ಕಾರಿ ಮೊಹರೂ ಬಿತ್ತು. ಕೆಡವುವ ಮುನ್ನ ಅಡ್ಡ ನಿಂತದ್ದು ಫ್ರೆಡ್ ಹಿಲ್ ಎಂಬ ಸ್ಥಳೀಯ ಶಾಲಾ ಮೇಷ್ಟ್ರು. 1955ರಲ್ಲಿ ಮನೆ ಮತ್ತೆ ಬಾಗಿಲು ತೆರೆಯಿತು, 1957ರಿಂದ ನ್ಯಾಷನಲ್ ಟ್ರಸ್ಟ್ ನೋಡಿಕೊಳ್ಳುತ್ತಿದೆ. ಪ್ರತಿ ಜುಲೈ 4ಕ್ಕೆ ಇಲ್ಲಿ ಅಮೆರಿಕದ ಸ್ವಾತಂತ್ರ್ಯೋತ್ಸವ ನಡೆಯುತ್ತದೆ. ತಮ್ಮ ಸೋಲಿನ ಹಬ್ಬವನ್ನು ತಾವೇ ಆಚರಿಸುವ ದೊಡ್ಡ ಮನಸ್ಸು! 1977ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಬಂದು ಊರಿನ ಹುಲ್ಲುಗಾವಲಿನಲ್ಲಿ ಮರ ನೆಟ್ಟು ಹೋದರು. 1964ರಲ್ಲಿ ಈ ಊರನ್ನು ಹೊಸ ಪಟ್ಟಣವೆಂದು ಘೋಷಿಸಿದ ಯೋಜಕರು ಮಾತ್ರ ಬೇರೆ ಜಾತಿಯವರು: ಬಡಾವಣೆಗಳಿಗೆ ನಂಬರು ಕೊಟ್ಟು ರಸ್ತೆಯ ಫಲಕಗಳ ಮೇಲೆ ಬರೆಸಿದರು. ಅಮೆರಿಕದ ರಾಜಧಾನಿಗೇ ಹೆಸರು ದಾನ ಮಾಡಿದ ಊರಿನಲ್ಲಿ ಹೊರಗಿನವರು ವಿಳಾಸ ಸಿಗದೆ ಸುತ್ತಬೇಕಾಯಿತು.

ಆ ರಾಜಧಾನಿಗೆ ಹೆಸರಿಟ್ಟದ್ದು 1791ರಲ್ಲಿ. ಹತ್ತು ವರ್ಷ ಹಿಂದೆ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ನನ ಎದುರು ಶರಣಾಗಿದ್ದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಬೆಂಗಳೂರಿನ ಕೋಟೆಯನ್ನು ಟಿಪ್ಪುವಿನಿಂದ ಕಿತ್ತುಕೊಂಡದ್ದೂ ಅದೇ 1791ರಲ್ಲಿ. ಅಲ್ಲಿ ಕಳೆದ ಮಾನವನ್ನು ಇಲ್ಲಿ ಗಳಿಸಿದ ಅನ್ನಬೇಕು.

ಮುಂದೆ ಈ ಹೆಸರಿಗೆ ಅಮೆರಿಕದಲ್ಲಿ ಕಡಿವಾಣವೇ ಇಲ್ಲದಾಯಿತು. 1853ರಲ್ಲಿ ಪಶ್ಚಿಮ ಕರಾವಳಿಯ ಜನ ತಮ್ಮ ಹೊಸ ಪ್ರಾಂತ್ಯಕ್ಕೆ ಕೊಲಂಬಿಯಾ ಎಂಬ ಹೆಸರು ಕೇಳಿದರು. ರಾಜಧಾನಿ ಇರುವುದು ಕೊಲಂಬಿಯಾ ಜಿಲ್ಲೆಯಲ್ಲಿ, ಗೊಂದಲವಾದೀತು ಎಂದು ಸಂಸತ್ತು ಅದನ್ನು ತಳ್ಳಿಹಾಕಿ ಕೊಟ್ಟ ಹೆಸರು ಯಾವುದು ಗೊತ್ತೇ? ವಾಷಿಂಗ್ಟನ್! ಆ ಗೊಂದಲ ಈವರೆಗೂ ಬಗೆಹರಿದಿಲ್ಲ.

ಇನ್ನು ಹೆಸರು ಹೊತ್ತ ಮನುಷ್ಯರು. ಜಾರ್ಜ್ ವಾಷಿಂಗ್ಟನ್ನನಿಗೆ ಸ್ವಂತ ಮಕ್ಕಳಿರಲಿಲ್ಲ. ಅವನು ತೀರಿಕೊಂಡ 1799ರಲ್ಲಿ ಅವನ ಮೌಂಟ್ ವರ್ನನ್ ಎಸ್ಟೇಟಿನಲ್ಲಿ ದುಡಿಯುತ್ತಿದ್ದ ಗುಲಾಮರು ಮುನ್ನೂರಕ್ಕೂ ಹೆಚ್ಚು. 2000ನೇ ಇಸವಿಯ ಅಮೆರಿಕದ ಜನಗಣತಿ ನೋಡಿ: ವಾಷಿಂಗ್ಟನ್ ಎಂಬ ಮನೆತನದ ಹೆಸರಿದ್ದವರು 1,63,036 ಮಂದಿ, ಅವರಲ್ಲಿ ಶೇಕಡ 90ರಷ್ಟು ಕಪ್ಪು ಜನ. ಎಲ್ಲರೂ ಆ ಎಸ್ಟೇಟಿನವರ ಸಂತತಿ ಎಂದುಕೊಂಡರೆ ತಪ್ಪು. ಬಿಡುಗಡೆಯಾದವರಲ್ಲಿ ಅನೇಕರು ಒಡೆಯನ ಹೆಸರನ್ನು ಒಗೆದು, ತಮಗೆ ಬೇಕಾದ ಹೆಸರನ್ನು ತಾವೇ ಆರಿಸಿಕೊಂಡರು.

ಬೂಕರ್ ಟಿ. ವಾಷಿಂಗ್ಟನ್ ಈ ಸಂಗತಿಯನ್ನು 1901ರ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಗುಲಾಮಗಿರಿಯಲ್ಲಿ ಹುಟ್ಟಿದ ಹುಡುಗ ಶಾಲೆಗೆ ಸೇರಿದಾಗ ಉಳಿದ ಮಕ್ಕಳಿಗೆಲ್ಲ ಎರಡು ಹೆಸರು, ಇವನಿಗೆ ಒಂದೇ. ಮೇಷ್ಟ್ರು ಪೂರ್ತಿ ಹೆಸರು ಕೇಳಿದ್ದೇ ತಡ, ಸಲೀಸಾಗಿ ‘ಬೂಕರ್ ವಾಷಿಂಗ್ಟನ್’ ಎಂದುಬಿಟ್ಟ. ಮಲತಂದೆಯ ಹೆಸರು ವಾಷಿಂಗ್ಟನ್ ಎಂದಿತ್ತು, ಆದರೆ ಅದು ಆತನ ಸ್ವಂತ ಹೆಸರು, ಮನೆತನದ್ದಲ್ಲ. ಹುಡುಗ ಬೆಳೆದು ಟಸ್ಕೀಗಿ ವಿದ್ಯಾಸಂಸ್ಥೆಯನ್ನು ಕಟ್ಟಿದ. ಮುಂದೆ ಷಿಕಾಗೊದಲ್ಲಿ ಹಾಡಲು ನಿಂತ ರೂತ್ ಜೋನ್ಸ್ ಎಂಬ ಹುಡುಗಿಗೆ ವೇದಿಕೆಗೊಂದು ಹೆಸರು ಬೇಕಾದಾಗ ಅಂಟಿದ್ದೂ ಇದೇ: ಡೈನಾ ವಾಷಿಂಗ್ಟನ್. ಇವರಾರಿಗೂ ವಿಯರ್ ನದಿಯ ಹೊಲಮನೆಯಲ್ಲಿ ಒಂದು ಗುಂಟೆ ಹಕ್ಕೂ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.