ಚಂದ್ರಯಾನ-1 ಮತ್ತು ಅಂತರರಾಷ್ಟ್ರೀಯ ಸಹಕಾರ

ದೀರ್ಘಾವಧಿಯ ಬಾಹ್ಯಾಕಾಶ ಅನ್ವೇಷಣೆಯಲ್ಲಿ ರಾಷ್ಟ್ರಗಳ ಸಹಕಾರವೆಂದರೆ ವೆಚ್ಚವನ್ನು ಹಂಚಿಕೊಳ್ಳುವುದು ಎಂಬ ಭಾವನೆ ಸಾಮಾನ್ಯವಾಗಿದೆ. ಭಾರತದ ಮೊದಲ ಚಂದ್ರಯಾನದ ಇತಿಹಾಸವು ಈ ಭಾವನೆ ಅಪೂರ್ಣವೆಂಬುದನ್ನು ತೋರಿಸುತ್ತದೆ.

ರಷ್ಯಾದಿಂದ ಕ್ರಯೋಜೆನಿಕ್ ತಂತ್ರಜ್ಞಾನ ಪಡೆಯಲು ಮುಂದಾದ ಕಾರಣಕ್ಕೆ 1992ರಲ್ಲಿ ಅಮೆರಿಕವು ಇಸ್ರೋ ಮೇಲೆ ಎರಡು ವರ್ಷಗಳ ನಿರ್ಬಂಧ ವಿಧಿಸಿತ್ತು. ಅದೇ ದೇಶದ ನಾಸಾ ಸಂಸ್ಥೆಯು 2006ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಚಂದ್ರಯಾನದ ಒಪ್ಪಂದಕ್ಕೆ ಸಹಿ ಹಾಕಿತು. 2008ರ ಅಕ್ಟೋಬರ್ 22ರಂದು ಉಡಾವಣೆಗೊಂಡ ನೌಕೆಯಲ್ಲಿದ್ದ 11 ಉಪಕರಣಗಳಲ್ಲಿ 5 ಭಾರತದವು. ಉಳಿದವು ಅಮೆರಿಕ, ಯುರೋಪ್ ಮತ್ತು ಬಲ್ಗೇರಿಯದಿಂದ ಬಂದವು. ನೌಕೆಯ ಸಂಕೇತಗಳನ್ನು ಸ್ವೀಕರಿಸಲು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಸ್ಥಾಪಿತವಾಯಿತು.

ಎರಡು ವರ್ಷ ಕಾರ್ಯ ನಿರ್ವಹಿಸಬೇಕಿದ್ದ ನೌಕೆಯ ಸಂಪರ್ಕವು 2009ರ ಆಗಸ್ಟ್ 29ರಂದು ಕಡಿದುಹೋಯಿತು. ಆದರೆ ಮರುತಿಂಗಳೇ, ನಾಸಾದ 'ಎಂ-3' ಉಪಕರಣವು ಚಂದ್ರನ ಮೇಲ್ಮೈಯಲ್ಲಿ ನೀರು ಹಾಗೂ ಹೈಡ್ರಾಕ್ಸಿಲ್‌ನ ಕುರುಹುಗಳನ್ನು ಕಂಡಿದ್ದ ಸಂಗತಿ ಪ್ರಕಟವಾಯಿತು. ಇದು ಉಪಕರಣದ ದೋಷವಲ್ಲವೆಂದು ದೃಢಪಡಿಸಲು ಬೇರೆ ನೌಕೆಗಳ ಸಾಕ್ಷ್ಯ ಅಗತ್ಯವಾಗಿತ್ತು. ಶನಿಗ್ರಹದತ್ತ ಸಾಗುವಾಗ 1999ರಲ್ಲಿ ಚಂದ್ರನನ್ನು ಗಮನಿಸಿದ್ದ ಕ್ಯಾಸಿನಿ ಮತ್ತು 2009ರ ಜೂನ್‌ನಲ್ಲಿ ಗಮನಿಸಿದ ಡೀಪ್ ಇಂಪ್ಯಾಕ್ಟ್ ಆ ಸಾಕ್ಷ್ಯವನ್ನು ಒದಗಿಸಿದವು. 2018ರಲ್ಲಿ 'ಎಂ-3'ರ ಹಳೆಯ ದತ್ತಾಂಶವನ್ನೇ ಮತ್ತೆ ಪರಿಶೀಲಿಸಿದ ವಿಜ್ಞಾನಿಗಳಿಗೆ ಧ್ರುವಪ್ರದೇಶಗಳ ನೆರಳಿನಲ್ಲಿ ಮಂಜುಗಡ್ಡೆಯ ನೇರ ಪುರಾವೆ ದೊರೆಯಿತು.

ಹತ್ತು ತಿಂಗಳು ಬಾಳಿದ ನೌಕೆಯೊಂದು ಹತ್ತು ವರ್ಷ ಫಲ ನೀಡಿದುದು ಹೀಗೆ. ಒಬ್ಬರು ಕಂಡುದನ್ನು ಮತ್ತೊಬ್ಬರು ಪರೀಕ್ಷಿಸುವಂತೆ, ಇಂದು ಸಂಗ್ರಹಿಸಿದುದನ್ನು ಮುಂದಿನವರು ಓದುವಂತೆ ದತ್ತಾಂಶವನ್ನು ಮುಕ್ತವಾಗಿಡುವುದೇ ಇಂತಹ ಸಹಕಾರದ ತಿರುಳು.