ಹುಳಿಹಿಟ್ಟಿನ ಬ್ರೆಡ್ಡು ಮತ್ತು ಸೀಲಿಯಾಕ್ ರೋಗ

ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಇಡ್ಲಿ, ದೋಸೆ, ಜೋಳದ ರೊಟ್ಟಿಗಳ ಜೊತೆಗೆ ಪಾವ್ ಮತ್ತು ಚಪಾತಿಗಳೂ ನಿತ್ಯದ ಆಹಾರವಾಗಿವೆ. ಈಚೆಗೆ ನಗರದ ಬೇಕರಿಗಳಲ್ಲಿ ‘ಸಾವರ್‌ಡೋ’ ಎಂಬ ಹುಳಿಹಿಟ್ಟಿನ ಬ್ರೆಡ್ಡೂ ದೊರೆಯುತ್ತಿದೆ. ಹುದುಗಿಸಿದ ಆಹಾರವು ಸುಲಭವಾಗಿ ಜೀರ್ಣವಾಗುವುದರಿಂದ ಸೀಲಿಯಾಕ್ ರೋಗವುಳ್ಳವರೂ ಈ ಬ್ರೆಡ್ಡನ್ನು ತಿನ್ನಬಹುದೆಂಬ ಭಾವನೆ ಕೆಲವರಲ್ಲಿದೆ. ಇದು ತಪ್ಪು ತಿಳಿವಳಿಕೆ. ಗೋಧಿಯಿಂದ ತಯಾರಿಸಿದ ಹುಳಿಹಿಟ್ಟಿನ ಬ್ರೆಡ್ಡು ಅವರಿಗೆ ಸುರಕ್ಷಿತವಲ್ಲ.

ರೋಗದ ಸ್ವರೂಪ

ಗೋಧಿ, ಜವೆಗೋಧಿ ಮತ್ತು ರೈ ಧಾನ್ಯಗಳಲ್ಲಿ ಗ್ಲೂಟೆನ್ ಎಂಬ ಪ್ರೋಟೀನು ಇರುತ್ತದೆ. ಅನುವಂಶೀಯವಾಗಿ ಈ ರೋಗದ ಪ್ರವೃತ್ತಿಯುಳ್ಳವರಲ್ಲಿ ಅದು ದೇಹದ ರಕ್ಷಣಾ ವ್ಯವಸ್ಥೆಯನ್ನು ಕೆರಳಿಸುತ್ತದೆ. ಪರಿಣಾಮವಾಗಿ, ಸಣ್ಣಕರುಳಿನಲ್ಲಿ ಆಹಾರಸಾರವನ್ನು ಹೀರುವ ಒಳಪದರವು ಹಾನಿಗೊಳ್ಳುತ್ತದೆ. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆ, ಮೂಳೆಗಳ ದೌರ್ಬಲ್ಯ ಮತ್ತು ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಇದರ ಲಕ್ಷಣಗಳು. ಈ ರೋಗಕ್ಕೂ ಗೋಧಿಗೂ ಇರುವ ಸಂಬಂಧವನ್ನು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕರೆಲ್ ಡಿಕ್ಕೆ ಅವರು 1950ರ ತಮ್ಮ ಪ್ರೌಢಪ್ರಬಂಧದಲ್ಲಿ ನಿರೂಪಿಸಿದರು.

ಭಾರತದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಈ ರೋಗದ ಪ್ರಮಾಣ ಉತ್ತರ ಭಾರತದ ವಯಸ್ಕರಲ್ಲಿ ಶೇಕಡಾ 1.23, ದಕ್ಷಿಣದಲ್ಲಿ ಶೇಕಡಾ 0.10. ದಕ್ಷಿಣದಲ್ಲಿ ಗೋಧಿಯ ಬಳಕೆಯೂ ಬಹಳ ಕಡಿಮೆ. ಆದರೆ ‘ಇದು ನಮ್ಮವರಿಗೆ ಬಾರದ ಕಾಯಿಲೆ’ ಎಂದು ಕಡೆಗಣಿಸುವುದು ಸರಿಯಲ್ಲ.

ಹುದುಗುವಿಕೆಯ ಮಿತಿ

ಹುಳಿಹಿಟ್ಟಿನಲ್ಲಿ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳೂ ಯೀಸ್ಟೂ ಇರುತ್ತವೆ. ಹಿಟ್ಟು ಹುದುಗುವಾಗ ಗ್ಲೂಟೆನ್ನಿನ ಒಂದು ಭಾಗ ಒಡೆಯುವುದು ನಿಜ; ಆದರೆ ಪೂರ್ಣವಾಗಿ ನಾಶವಾಗುವುದಿಲ್ಲ. ವಿಶೇಷವಾಗಿ ಆಯ್ದ ಬ್ಯಾಕ್ಟೀರಿಯಾಗಳನ್ನೂ ಶಿಲೀಂಧ್ರದ ಕಿಣ್ವಗಳನ್ನೂ ಬಳಸಿ ಗ್ಲೂಟೆನ್ನನ್ನು ಸಂಪೂರ್ಣವಾಗಿ ಒಡೆದ ಗೋಧಿಹಿಟ್ಟಿನ ತಿನಿಸುಗಳನ್ನು ಇಟಲಿಯ ಸಂಶೋಧಕರು ಕೆಲವೇ ರೋಗಿಗಳ ಮೇಲೆ ಪರೀಕ್ಷಿಸಿ, ಉತ್ತಮ ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಅದು ಪ್ರಯೋಗಾಲಯದ ವಿಧಾನ. ಬೇಕರಿಯ ಅಥವಾ ಮನೆಯ ಬ್ರೆಡ್ಡಿಗೆ ಆ ಫಲಿತಾಂಶ ಅನ್ವಯಿಸದು.

ಇಡ್ಲಿಯ ಉದಾಹರಣೆಯಿಂದ ಈ ವಿಷಯ ಸ್ಪಷ್ಟವಾಗುತ್ತದೆ. ಇಡ್ಲಿ ಸುರಕ್ಷಿತವಾಗಿರುವುದು ಅದು ಹುದುಗಿರುವುದರಿಂದಲ್ಲ, ಅಕ್ಕಿ ಮತ್ತು ಉದ್ದಿನಲ್ಲಿ ಗ್ಲೂಟೆನ್ ಇಲ್ಲದಿರುವುದರಿಂದ. ಗೋಧಿ ರವೆಯಿಂದ ಮಾಡುವ ರವಾ ಇಡ್ಲಿ ಈ ರೋಗಿಗಳಿಗೆ ವರ್ಜ್ಯ.

ಅಲ್ಪ ಪ್ರಮಾಣವೂ ಹಾನಿಕರ

ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳು ದೇಹ ಸೇರಿದರೆ ಕರುಳಿನ ಒಳಪದರಕ್ಕೆ ಹಾನಿಯಾಗಬಹುದೆಂದು 2007ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿದೆ. ಸಾಮಾನ್ಯ ಬ್ರೆಡ್ಡಿನ ಒಂದು ಹೋಳಿನಲ್ಲಿ ಇದರ ಹಲವು ಪಟ್ಟು ಗ್ಲೂಟೆನ್ ಇರುತ್ತದೆ. ತಿಂದ ಕೂಡಲೇ ತೊಂದರೆ ಕಾಣಿಸದಿದ್ದರೂ ಒಳಗೆ ಹಾನಿ ಮುಂದುವರಿಯಬಹುದು.

ಗಮನಿಸಬೇಕಾದ ಅಂಶಗಳು

ಅಕ್ಕಿ, ಜೋಳ, ಸಜ್ಜೆ, ರಾಗಿ, ನವಣೆ ಹಾಗೂ ಮೆಕ್ಕೆಜೋಳಗಳಲ್ಲಿ ಈ ರೋಗಿಗಳಿಗೆ ಹಾನಿಕರವಾದ ಗ್ಲೂಟೆನ್ ಇಲ್ಲ. ಆದರೆ ಗೋಧಿ ಬೀಸಿದ ಗಿರಣಿಯಲ್ಲೇ ಜೋಳವನ್ನು ಬೀಸಿದರೆ ಗೋಧಿಹಿಟ್ಟು ಬೆರೆಯುತ್ತದೆ. ಸಾಧ್ಯವಾದರೆ ಮನೆಯಲ್ಲೇ ಪ್ರತ್ಯೇಕವಾಗಿ ಬೀಸಿಕೊಳ್ಳುವುದು ಲೇಸು. ಅಂಗಡಿಯ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಇರುವುದರಿಂದ ಹೊದಿಕೆಯ ಮೇಲಿನ ವಿವರವನ್ನು ಓದಬೇಕು. ಭಾರತದಲ್ಲಿ ‘ಗ್ಲೂಟೆನ್‌ರಹಿತ’ ಎಂದು ಮಾರುವ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿಗಿಂತ ಹೆಚ್ಚು ಗ್ಲೂಟೆನ್ ಇರುವಂತಿಲ್ಲ. ಇಂಥ ಹಿಟ್ಟಿನಿಂದಲೇ ಪ್ರತ್ಯೇಕವಾಗಿ ತಯಾರಿಸಿದ ಹುಳಿಹಿಟ್ಟಿನ ಬ್ರೆಡ್ಡನ್ನು ರೋಗಿಗಳು ಸೇವಿಸಬಹುದು.

ರೋಗದ ಸಂಶಯವಿದ್ದರೆ, ಪರೀಕ್ಷೆಗೆ ಮೊದಲೇ ಗೋಧಿಯನ್ನು ಬಿಡಬಾರದು. ಬಿಟ್ಟರೆ ರಕ್ತಪರೀಕ್ಷೆ ಮತ್ತು ಕರುಳಿನ ಅಂಗಾಂಶ ಪರೀಕ್ಷೆಗಳಲ್ಲಿ ರೋಗ ಪತ್ತೆಯಾಗದೆ ಹೋಗಬಹುದು. ರೋಗ ಖಚಿತವಾದ ಮೇಲೆ ಗ್ಲೂಟೆನ್‌ರಹಿತ ಪಥ್ಯವನ್ನು ಜೀವನಪರ್ಯಂತ ಪಾಲಿಸಬೇಕು. ಮಗುವಿನ ಬುತ್ತಿಯಲ್ಲಿ ಪಾವ್‌ಗೆ ಬದಲಾಗಿ ಅಕ್ಕಿಯ ಇಡ್ಲಿಯನ್ನೋ ಜೋಳದ ರೊಟ್ಟಿಯನ್ನೋ ಇಡುವುದು ಕಷ್ಟದ ಕೆಲಸವಲ್ಲ. ಅದರಿಂದ ಮಗುವಿನ ಬೆಳವಣಿಗೆಗೆ ದೊರೆಯುವ ರಕ್ಷಣೆ ಅಪಾರ.